ಮೈಕಮ್ಮನ ಗಂಟಲು

ಜನವರಿ ೧೧

ಡಾಕ್ಟರ್ ತಂಗಿಗೆ,

ಅಕ್ಷರ ನೋಡಿದ ಕೂಡಲೇ ಯಾರದೆಂದು ಗೊತ್ತಾಗಿರುತ್ತದೆ. ಗೊತ್ತಾಗಿಯೂ ಹರಿದು ಹಾಕದೆ ಇದ್ದರೆ ಮುಂದೆ ಓದು.

ಅಮ್ಮ ಹೋದ ಮೇಲೆ ನಾವಿಬ್ಬರೂ ಮಾತು ಬಿಟ್ಟೆವು. ಈಗ ನನಗೆ ಯಾರ ಜೊತೆಯೂ ಮಾತಾಡಲು ಬರುವುದಿಲ್ಲ. ಬಾಯಿ ತೆರೆದರೆ ಯಾರೋ ಒಳಗಿನಿಂದ ಕುತ್ತಿಗೆ ಹಿಸುಕಿದ ಹಾಗಾಗುತ್ತದೆ. 'ಪ್ಲಾಟ್‌ಫಾರಂ' ಎಂದು ಶುರು ಮಾಡಿದರೆ 'ಪ್ಲಾ' ಹೊರಗೆ ಬರುತ್ತದೆ, ಉಳಿದದ್ದು ಒಳಗೇ ಕೂತುಬಿಡುತ್ತದೆ. ಪಿಸುಗುಟ್ಟಿದರೆ ತೊಂದರೆಯಿಲ್ಲ. ನಗಲೂ ತೊಂದರೆಯಿಲ್ಲ, ಆದರೆ ನಗುವಂಥದ್ದು ಏನೂ ನಡೆಯುತ್ತಿಲ್ಲ. "ಮನಸ್ಸಿಗೆ ಏನೋ ಬೇಜಾರಿರಬೇಕು ನಿಮಗೆ" ಎಂದು ಕಂಡ ಡಾಕ್ಟರೆಲ್ಲ ಹೇಳಿ ಕಳಿಸಿದರು. ಬೇಜಾರಿಲ್ಲದವರು ಯಾರಿದ್ದಾರೆ ತೋರಿಸಿ ಎಂದು ಕೇಳೋಣವೆಂದರೆ ದನಿಯೇ ಇಲ್ಲ.

ಕೊನೆಗೆ ನಮ್ಮೂರಿಗೆ ಹೊಸದಾಗಿ ಬಂದ ಗಂಟಲು ಡಾಕ್ಟರು ಮೂಗಿನಲ್ಲಿ ನಳಿಕೆ ಇಳಿಸಿ ನೋಡಿದರು. ದನಿಯ ತಂತುಗಳು ಮಾತಿನ ನಡುವೆ ಒಂದನ್ನೊಂದು ಬಿಗಿಯಾಗಿ ಅಪ್ಪಿಕೊಂಡುಬಿಡುತ್ತವಂತೆ. ಬಿಡಿಸಲು ಒಂದು ವಿಷ ಚುಚ್ಚಬೇಕಂತೆ. "ನಾನೂ ಸ್ವಲ್ಪ ಮಾಡ್ತೀನಿ. ಆದ್ರೆ ದೊಡ್ಡಾಸ್ಪತ್ರೇಲಿ ಒಬ್ರು ಮೇಡಂ ಇದ್ದಾರೆ, ಇದರಲ್ಲಿ ಅವರ ಕೈ ಪಳಗಿದೆ. ಅವರ ಹತ್ರಾನೇ ಹೋಗಿ" ಎಂದು ನಿನ್ನ ಹೆಸರು ಹೇಳಿದರು. ನನ್ನ ತಂಗಿ ಎಂದು ನಾನು ಹೇಳಲಿಲ್ಲ.

ನಮ್ಮ ರೈಲ್ವೆ ಸ್ಟೇಷನ್ನಿಗೆ ಯಂತ್ರ ಬರುತ್ತಿದೆ. ಇನ್ನು ಮೇಲೆ ಗಾಡಿ ಬಂತು, ಹೋಯಿತು ಎಂದು ಅದೇ ಕೂಗುತ್ತದೆ. ಆದರೆ ಅದಕ್ಕೂ ಮನುಷ್ಯರ ದನಿ ತುಂಬಬೇಕಲ್ಲ. "ನಿಮ್ಮ ಗಂಟಲು ಸರಿಹೋದ್ರೆ ನಿಮ್ಮದೇ ತುಂಬ್ತೀವಿ. ಇಲ್ಲಾಂದ್ರೆ ಬೇರೆಯವರನ್ನ ನೋಡ್ಬೇಕಾಗುತ್ತೆ" ಎಂದು ಸಾಹೇಬರು ಅಡ್ಡಗೋಡೆಯ ಮೇಲೆ ದೀಪ ಇಡದೆ ನೇರವಾಗಿಯೇ ಹೇಳಿದ್ದಾರೆ. ಗಾಡಿಗಳನ್ನು ಕೂಗುತ್ತಾ ಆ ಮೈಕಿನ ಮುಂದೆ ಕೂತೇ ನನ್ನ ತಲೆ ನರೆಯಿತು. ಕೂಲಿಗಳು ನನ್ನನ್ನು ಮೈಕಮ್ಮ ಎಂದೇ ಕರೆಯುವುದು. ಯಂತ್ರ ಬರಲಿ, ನನ್ನ ಕುರ್ಚಿ ಹೋಗಲಿ. ಆದರೆ ನನ್ನ ಪ್ಲಾಟ್‌ಫಾರಂ ಮೇಲೆ ಬೇರೊಬ್ಬಳ ದನಿ ಕೇಳಿಕೊಂಡು ನಾನು ಇರಲಾರೆ.

ಯಾವತ್ತು ಬರಬೇಕು ತಿಳಿಸು. ಫೋನಿನಲ್ಲಿ ಬೆರಳೊತ್ತಿ ಕಳಿಸುವ ಚೂರುಪಾರು ಮಾತುಗಳು ನನಗೆ ಒಗ್ಗುವುದಿಲ್ಲ. ನಮ್ಮ ಜಗಳಕ್ಕೆ ಅಲ್ಲಿ ಜಾಗ ಸಾಲದು.

ಇತಿ, ರೋಗಿಯಾಗಿ ಬರಲಿರುವ
ನಿನ್ನ ಅಕ್ಕ


ಜನವರಿ ೨೪

ಅಕ್ಕನಿಗೆ,

ಫೆಬ್ರವರಿಯ ಎರಡನೇ ಸೋಮವಾರ ಬೆಳಿಗ್ಗೆ ಬಾ. ಹೊರರೋಗಿಗಳ ಕಟ್ಟಡ, ಮೇಲಿನ ಮಹಡಿ, ಹಸಿರು ಬಾಗಿಲು. ಬೇರೆ ರೋಗಿಗಳಿಗೆ ಹೇಳುವುದನ್ನೇ ನಿನಗೂ ಹೇಳುತ್ತೇನೆ.

ಕೆಟ್ಟುಹೋದ ಡಬ್ಬಿಯ ಆಹಾರದಲ್ಲಿ ಬೆಳೆಯುವ ಒಂದು ಸೂಕ್ಷ್ಮಜೀವಿ ಈ ವಿಷವನ್ನು ಮಾಡುತ್ತದೆ. ವಿಷ ಎಂದರೂ ಅದು ಒಂದು ಪ್ರೋಟೀನು. ಅದಕ್ಕೆ ಎರಡು ಭಾಗ. ಒಂದು ಬಾಗಿಲು ಹುಡುಕುತ್ತದೆ, ಇನ್ನೊಂದು ಒಳಗೆ ಹೋಗಿ ಕೆಲಸ ಮಾಡುತ್ತದೆ. ನಮ್ಮ ನರ ಸ್ನಾಯುವಿಗೆ 'ಬಿಗಿ' ಎಂದು ಅಪ್ಪಣೆ ಕೊಡುವುದು ಒಂದು ರಸದ ಮೂಲಕ. ಆ ರಸ ನರದ ತುದಿಯಲ್ಲಿ ಸಣ್ಣ ಸಣ್ಣ ಚೀಲಗಳಲ್ಲಿ ತುಂಬಿರುತ್ತದೆ. ಚೀಲ ಹೋಗಿ ಕೋಶದ ಗೋಡೆಗೆ ಸೇರಿಕೊಂಡು ತೆರೆದರೆ ಅಪ್ಪಣೆ ಹೊರಟಿತು ಎಂದರ್ಥ. ವಿಷದ ಮೊದಲ ಭಾಗ ನರದ ತುದಿಯನ್ನು ಗುರುತು ಹಿಡಿದು ಅಂಟಿಕೊಳ್ಳುತ್ತದೆ. ಕೋಶ ಮೋಸಹೋಗಿ ತಾನೇ ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ಒಳಗೆ ಹುಳಿಯೇರಿದಾಗ ಆ ಭಾಗ ತನ್ನ ಆಕಾರ ಬದಲಿಸಿ ಒಂದು ತೂತು ಕೊರೆದು, ಎರಡನೇ ಭಾಗವನ್ನು ದಾಟಿಸುತ್ತದೆ. ಆ ಎರಡನೆಯದು ಕತ್ತರಿ. ಚೀಲವನ್ನು ಗೋಡೆಗೆ ಎಳೆದು ಕಟ್ಟುವ ದಾರವನ್ನು ಅದು ಕತ್ತರಿಸಿಬಿಡುತ್ತದೆ. ನರ ಸಾಯುವುದಿಲ್ಲ, ಸ್ನಾಯುವೂ ಸಾಯುವುದಿಲ್ಲ, ಅಪ್ಪಣೆ ಮಾತ್ರ ತಲುಪುವುದಿಲ್ಲ. ತಿಂಗಳುಗಳು ಕಳೆದಂತೆ ನರ ಚೇತರಿಸಿಕೊಳ್ಳುತ್ತದೆ, ಗಂಟಲು ಮತ್ತೆ ಹಿಸುಕಲು ಶುರು ಮಾಡುತ್ತದೆ. ಆಗ ಮತ್ತೆ ಚುಚ್ಚಬೇಕು.

ಮೊದಲ ಒಂದೆರಡು ವಾರ ಪಿಸುದನಿಯೇ ಇರುತ್ತದೆ. ನೀರು ನೆತ್ತಿಗೇರುತ್ತದೆ, ಗಲ್ಲ ತಗ್ಗಿಸಿ ಗುಟುಕು ಗುಟುಕಾಗಿ ಕುಡಿ. ಎರಡು ಚುಚ್ಚಿನ ನಡುವೆ ಮೂರು ತಿಂಗಳಾದರೂ ಕಳೆಯಬೇಕು. ಬೇರೆ ಯಾರ ಹತ್ತಿರವೂ ಇದನ್ನು ಹಾಕಿಸಿಕೊಳ್ಳಬೇಡ. ಪದೇ ಪದೇ ಕಂಡರೆ ದೇಹ ಅದರ ಗುರುತು ಇಟ್ಟುಕೊಳ್ಳುತ್ತದೆ. ಆಮೇಲೆ ಅದು ಕೆಲಸ ಮಾಡುವುದಿಲ್ಲ.

ಹಿಂದೆ ನಾನು ಪ್ರಯೋಗಾಲಯದಲ್ಲಿ ಹರಳು ಬೀಜದ ವಿಷದ ಮೇಲೆ ಕೆಲಸ ಮಾಡುತ್ತಿದ್ದೆ. "ಅಷ್ಟೆಲ್ಲ ಓದಿ ಹರಳೆಣ್ಣೆ ಕಾಯಿಸ್ತಾಳೆ" ಎಂದು ಅಮ್ಮ ನಗುತ್ತಿದ್ದಳು. ಆ ವಿಷ ಕೋಶದೊಳಗೆ ಪ್ರೋಟೀನು ಹೆಣೆಯುವ ಮಗ್ಗಗಳನ್ನೇ ಕೆಡಿಸಿ ಕೋಶವನ್ನು ಕೊಲ್ಲುತ್ತದೆ. ಅದರ ಬಾಗಿಲು ಹುಡುಕುವ ಭಾಗವನ್ನು ಕಿತ್ತು, ಕ್ಯಾನ್ಸರ್ ಕೋಶವನ್ನು ಮಾತ್ರ ಹುಡುಕುವ ಭಾಗ ಜೋಡಿಸಲು ನಾವು ಹೆಣಗುತ್ತಿದ್ದೆವು. ಆ ಕೆಲಸ ಬಿಟ್ಟು ಏಳಲಾಗದೆ ಅಮ್ಮನ ಹತ್ತಿರ ಬರಲು ತಡ ಮಾಡಿದೆ. ಮತ್ತೆ ಅಲ್ಲಿಗೆ ಹೋಗಲು ಮನಸ್ಸಾಗಲಿಲ್ಲ. ಇದು ಕೊಲ್ಲದೆ ಸುಮ್ಮನಾಗಿಸುವ ವಿಷ ಎಂದು ಈ ಕೆಲಸಕ್ಕೆ ಬಂದೆ.

ನಾನು ತಡ ಮಾಡಿದ್ದು ಹೌದು. ಆದರೆ ನೀನು ಮಾಡಿದ್ದನ್ನು ಮರೆತಿಲ್ಲ. ಕಣ್ಣು ಕಾಣದ ಅಮ್ಮನ ಕೈ ಹಿಡಿದು, ನನ್ನ ದನಿ ಮಾಡಿ, "ಅಮ್ಮ, ಬಂದೆ" ಎಂದೆಯಲ್ಲ. ನನ್ನ ಗಾಡಿ ಮರುದಿನ ಬೆಳಿಗ್ಗೆ ಬರುವುದಿತ್ತು. ಅಮ್ಮ ನನ್ನನ್ನೇ ಕಾಯುತ್ತಾ ಇನ್ನೊಂದು ರಾತ್ರಿ ಜೀವ ಹಿಡಿದುಕೊಂಡಿರುತ್ತಿದ್ದಳೋ ಏನೋ. ನಾನು ಬಂದೆನೆಂದು ತಿಳಿದು ಬಿಟ್ಟುಕೊಟ್ಟಳು. ಆ ದನಿಯನ್ನೇ ಸರಿಮಾಡು ಎಂದು ಈಗ ನನ್ನನ್ನು ಕೇಳುತ್ತಿದ್ದೀ. ಮಾಡುತ್ತೇನೆ, ಅದು ನನ್ನ ಕೆಲಸ.

ತಂಗಿ


ಮಾರ್ಚ್ ೧೫

ಹಸಿರು ಬಾಗಿಲಿನ ಡಾಕ್ಟರಮ್ಮನಿಗೆ,

ದನಿ ಬಂದಿದೆ. ವರದಿ ಒಪ್ಪಿಸುವುದು ರೋಗಿಯ ಧರ್ಮವೆಂದು ಬರೆಯುತ್ತಿದ್ದೇನೆ.

ಅವತ್ತು ನೀನು ನನ್ನ ಕುತ್ತಿಗೆಗೆ ಸೂಜಿ ಇಳಿಸಿದಾಗ ಪಕ್ಕದ ಯಂತ್ರ ಸ್ಟೇಷನ್ ಸಿಗದ ರೇಡಿಯೋ ಥರ ಕರಕರ ಎನ್ನುತ್ತಿತ್ತು. "'ಈಈ' ಅಂತ ಹೇಳಿ" ಎಂದೆ ನೀನು. ಹೇಳಿದೆ. ಕರಕರ ಜೋರಾಯಿತು. "ಸರಿಯಾದ ಜಾಗ. ಉಗುಳು ನುಂಗಬೇಡಿ" ಎಂದೆ. ಹೇಳಿ, ನುಂಗಬೇಡಿ, ಏಳಿ, ಹೊರಡಿ. ನಿನ್ನ ಜಡೆ ಹೆಣೆದವಳು ನಾನು, ನಿನ್ನ ಮೂಗು ಒರೆಸಿದವಳು ನಾನು. ನರ್ಸಮ್ಮನ ಮುಂದೆ ನನ್ನನ್ನು ನೀವು ತಾವು ಎಂದು ಮಾತಾಡಿಸಿದೆ. ಸೂಜಿ ನೋಯಲಿಲ್ಲ, ಇದು ನೋಯಿತು.

ಮೊದಲ ದಿನಗಳಲ್ಲಿ ನೀನು ಹೇಳಿದ ಹಾಗೇ ಆಯಿತು. "ಮೈಕಮ್ಮ ಎಲ್ಲಾರಿಗೂ ಗುಟ್ಟು ಹೇಳ್ತಾವ್ರೆ" ಎಂದು ಕೂಲಿಗಳು ನಕ್ಕರು. ಆಮೇಲೊಂದು ಬೆಳಿಗ್ಗೆ ಹಾಲಿನವನಿಗೆ "ನಾಳೆ ಬೇಡ" ಎಂದೆ. ಪೂರ್ತಿ ಬಂತು, ಒಡೆಯದೆ, ತಡೆಯದೆ. ಮೆಟ್ಟಿಲಿಳಿದು ಹೋಗುತ್ತಿದ್ದವನನ್ನು ಮತ್ತೆ ಕೂಗಿ ಕರೆದು "ಬೇಕು, ಬೇಕು" ಎಂದೆ. ಅವನು ನನಗೆ ತಲೆ ಕೆಟ್ಟಿತೆಂದು ತಿಳಿದಿರಬೇಕು. ಬಾಗಿಲು ಹಾಕಿಕೊಂಡು ಅತ್ತೆ. ಅಳುವಾಗಲೂ ದನಿ ಚೆನ್ನಾಗಿತ್ತು.

ದನಿ ತುಂಬುವ ಕೆಲಸ ಶುರುವಾಗಿದೆ. ಪಾರ್ಸೆಲ್ ಆಫೀಸಿನ ಹಿಂದಿನ ಕೋಣೆಗೆ ಹಳೇ ಕಂಬಳಿಗಳನ್ನು ಹೊಡೆದು, ಗಡಿಯಾರ ನಿಲ್ಲಿಸಿ, ಫ್ಯಾನು ಆರಿಸಿ ಕೂರಿಸುತ್ತಾರೆ. ರೆಕಾರ್ಡಿಂಗ್ ಮಾಡುವವನು ಮಹಾ ಕಿರಿಕಿರಿಯವನು. ವಾಕ್ಯದ ನಡುವೆ ಬರುವ 'ಏಳು' ಬೇರೆಯಂತೆ, ಕೊನೆಯಲ್ಲಿ ಬರುವ 'ಏಳು' ಬೇರೆಯಂತೆ. ನಡುವಿನದು ಮೇಲಕ್ಕೆ ಎತ್ತಬೇಕು, ಕೊನೆಯದು ಕೆಳಗಿಡಬೇಕು. ಪ್ರತಿ ಊರಿನ ಹೆಸರೂ ಹೀಗೇ. ಈ ಹೊತ್ತಿನ ಏಳು, ಮುಂದಿನ ತಿಂಗಳ ಎಂಟು ಒಂದೇ ಗಂಟಲಿನಿಂದ ಬಂದಂತಿರಬೇಕು. ಪಿಸುದನಿಯ ವಾರಗಳಲ್ಲಿ ಕೆಲಸ ನಿಲ್ಲಿಸಬೇಕಾಗುತ್ತದೆ, ಹಿಸುಕಲು ಶುರುವಾದರೂ ನಿಲ್ಲಿಸಬೇಕಾಗುತ್ತದೆ. "ನಡುನಡುವೆ ನಿಂತ್ಕೊಂಡು ಹೋದ್ರೆ ಸಾಹೇಬ್ರು ಬೇರೆಯವರನ್ನ ಕರೆಸ್ತಾರೆ" ಎಂದು ಅವನು ಆಗಲೇ ಗೊಣಗುತ್ತಿದ್ದಾನೆ.

ಮುಂದಿನ ಚುಚ್ಚನ್ನು ಸ್ವಲ್ಪ ಮುಂಚೆ ಹಾಕಲಾಗುವುದಿಲ್ಲವೇ? ಇದು ಹೋಗುವ ಮೊದಲೇ ಒಂದಿಷ್ಟೇ ಇಷ್ಟು. ಬಟ್ಟೆ ಹರಿಯುವ ಮೊದಲೇ ಹೊಲಿಗೆ ಹಾಕುವುದಿಲ್ಲವೇ, ಹಾಗೆ. ಇದನ್ನು ಕೇಳಲು ನನಗೆ ಎಷ್ಟು ಕಷ್ಟವಾಯಿತೆಂದು ನಿನಗೆ ತಿಳಿದೀತು.

ಇತಿ, 'ನೀವು' ಆಗಿಹೋದ
ಅಕ್ಕ


ಏಪ್ರಿಲ್ ೨

ಅಕ್ಕನಿಗೆ,

ಆಗುವುದಿಲ್ಲ. ಗಂಟಲು ಬಟ್ಟೆಯಲ್ಲ. ಮೇ ತಿಂಗಳಲ್ಲಿ ಬಾ.

ನರ್ಸಿನ ಮುಂದೆ ನಿನ್ನನ್ನು ಬೇರೆಯವರ ಹಾಗೆ ಮಾತಾಡಿಸಿದ್ದಕ್ಕೆ ಕಾರಣವಿದೆ. 'ನೀನು' ಎಂದಿದ್ದರೆ ಕೈ ನಡುಗುತ್ತಿತ್ತು. ಕುತ್ತಿಗೆಯಲ್ಲಿ ಸೂಜಿ ಇಟ್ಟುಕೊಂಡು ಕೈ ನಡುಗಬಾರದು.

ದನಿ ಬಂದು ಇಷ್ಟು ದಿನವಾಯಿತು. ಹಾಲಿನವನನ್ನು ವಾಪಸು ಕರೆದು ಮಾತಾಡಿದೆಯಂತೆ. ನನ್ನ ಫೋನ್ ನಂಬರು ನಿನ್ನ ಹತ್ತಿರ ಇದೆ. ಗಾಡಿ ತಡವಾದದ್ದಕ್ಕೆ ಗುರುತು ಪರಿಚಯವಿಲ್ಲದವರ ಹತ್ತಿರ ದಿನಕ್ಕೆ ಹತ್ತು ಸಲ ಕ್ಷಮೆ ಕೇಳುವವಳು ನೀನು. ನನ್ನ ಹತ್ತಿರ ಒಂದು ಸಲ ಕೇಳಿದ್ದರೆ ಗಂಟಲೇನೂ ಸವೆಯುತ್ತಿರಲಿಲ್ಲ.

ತಂಗಿ


ಜೂನ್ ೨೦

ಪುಟ್ಟಿಗೆ,

ನಿನ್ನ ಕಾಗದ ಓದಿ ಕೋಪ ಬಂತು. ಕೋಪ ಆರಲಿ ಎಂದು ಬಿಟ್ಟೆ. ಮೇ ತಿಂಗಳಲ್ಲಿ ಬಂದು ನಿನ್ನೆದುರು ಕುತ್ತಿಗೆ ಚಾಚಿ ಹೋದೆ, ಆಗಲೂ ಆರಿರಲಿಲ್ಲ. ಇನ್ನು ಆರುವುದಿಲ್ಲವೆಂದು ಖಾತ್ರಿಯಾಗಿ ಬರೆಯುತ್ತಿದ್ದೇನೆ.

ಕ್ಷಮೆ ಕೇಳಬೇಕು ನಾನು. ಸರಿ. ಅವತ್ತು ಏನಾಯಿತೆಂದು ಪೂರ್ತಿ ಕೇಳಿಕೋ. ಅಮ್ಮ ಅನ್ನ ನೀರು ಬಿಟ್ಟು "ಪುಟ್ಟಿ ಬಂದ್ಲಾ, ಪುಟ್ಟಿ ಬಂದ್ಲಾ" ಎನ್ನುತ್ತಲೇ ಇದ್ದಳು. ಬಟ್ಟೆ ಬದಲಿಸುವವಳು ನಾನು, ಮಗ್ಗುಲು ತಿರುಗಿಸುವವಳು ನಾನು, ಕೇಳುವುದು ನಿನ್ನನ್ನು. ಉಸಿರು ಮೇಲೆ ಕೆಳಗೆ ಆಗತೊಡಗಿದಾಗ ತಡೆಯಲಾಗಲಿಲ್ಲ. ನಿನ್ನ ಹಾಗೆ ಸ್ವಲ್ಪ ಮೂಗಿನಲ್ಲಿ, ಸ್ವಲ್ಪ ಮುದ್ದಾಗಿ, "ಅಮ್ಮ, ಬಂದೆ" ಎಂದೆ. ಅವಳ ಮುಖ ಅರಳಿದ್ದನ್ನು ನೀನು ನೋಡಲಿಲ್ಲ, ನಾನು ನೋಡಿದೆ. ನನಗಾಗಿ ಆ ಮುಖ ಯಾವತ್ತೂ ಹಾಗೆ ಅರಳಿರಲಿಲ್ಲ.

ಆಮೇಲೆ ಅವಳು ಏನೆಂದಳು ಗೊತ್ತೇ? "ಬಂದ್ಯಾ ಪುಟ್ಟಿ. ನಿಮ್ಮಕ್ಕ ಏನಂದ್ರೂ ಮನಸ್ಸಿಗೆ ಹಚ್ಕೋಬೇಡ ಕಣೇ. ಅವಳ ಬಾಯೇ ಹಾಗೆ, ವಿಷ. ನಾನೂ ಸಹಿಸ್ಕೊಂಡಿದ್ದೀನಿ." ನನ್ನ ಕೈ ಹಿಡಿದುಕೊಂಡು ನನ್ನ ಚಾಡಿ ನನಗೇ ಹೇಳಿದಳು. ನಾನು ನಿನ್ನ ದನಿಯಲ್ಲಿ "ಹೂಂ ಅಮ್ಮ" ಎಂದೆ. ಅದೇ ಕೊನೆ.

ಅಮ್ಮ ನಿನಗೆ ಆಡಬೇಕಿದ್ದ ಕೊನೆಯ ಮಾತನ್ನು ನಾನು ಕಸಿದುಕೊಂಡೆ ಎನ್ನುತ್ತೀ. ತೆಗೆದುಕೋ, ಇದೇ ಆ ಮಾತು. ಇಟ್ಟುಕೊಂಡು ಸುಖವಾಗಿರು.

ಇನ್ನು ಮುಂಚೆ ಹಾಕು, ಹೆಚ್ಚು ಹಾಕು ಎಂದು ನಿನ್ನನ್ನು ಅಂಗಲಾಚುವುದಿಲ್ಲ. ನಿನ್ನ ಹಂಗು ನನಗೆ ಸಾಕಾಗಿದೆ. ಕೆಲಸ ನಡೆಯುತ್ತಿದೆ, ಮಳೆಗಾಲ ಮುಗಿಯುವುದರೊಳಗೆ ಎಲ್ಲ ಊರುಗಳೂ ಮುಗಿಯುತ್ತವೆ. ಈಗ ನಡುವೆ ನಿಲ್ಲುವುದಿಲ್ಲ. ಹೇಗೆಂದು ಕೇಳಬೇಡ.

ಇತಿ, ವಿಷದ ಬಾಯಿಯ
ಅಕ್ಕ


ನವೆಂಬರ್ ೧೪

ಅಕ್ಕ,

ಆ ಕಾಗದಕ್ಕೆ ಉತ್ತರ ಬರೆಯಲು ಎಷ್ಟೋ ಸಲ ಕೂತೆ. ಆಗಲಿಲ್ಲ. ಆಗಸ್ಟಿನಲ್ಲಿ ನೀನು ಬಂದಾಗ ಬಾಯಲ್ಲೇ ಹೇಳೋಣ ಎಂದುಕೊಂಡೆ. ನೀನು ಗೋಡೆಯ ಮೇಲಿನ ಕಿವಿ ಮೂಗಿನ ಚಿತ್ರವನ್ನೇ ನೋಡುತ್ತಾ ಕೂತೆ. ನಾನು ಮತ್ತೆ 'ನೀವು' ಎಂದೆ.

ಈಗ ಬೇರೆ ವಿಷಯ. ಆಗಸ್ಟಿನದು ಒಂದು ದಿನವೂ ಹಿಡಿಯಲಿಲ್ಲ, ಪಿಸುದನಿ ಕೂಡ ಬರಲಿಲ್ಲ ಎಂದು ನಿನ್ನೆ ನೀನು ಚೀಟಿಯಲ್ಲಿ ಬರೆದು ತೋರಿಸಿದೆ. ಅದಕ್ಕೇ ನಿನ್ನೆ ಗಂಟಲಿಗೆ ಹಾಕಲಿಲ್ಲ, ಬಲ ಹುಬ್ಬಿನ ಪಕ್ಕ ಒಂದು ಹನಿ ಹಾಕಿದೆ. ಗಂಟಲು ಬಿಟ್ಟು ಹಣೆಗೆ ಯಾಕೆ ಎಂದು ನೀನು ಕಣ್ಣಲ್ಲೇ ಕೇಳಿದೆ. ಇದು ಪರೀಕ್ಷೆ. ಎರಡು ವಾರ ಬಿಟ್ಟು ಕನ್ನಡಿಯ ಮುಂದೆ ಕೂತು ಹುಬ್ಬು ಗಂಟಿಕ್ಕಿ ನೋಡು. ಬಲಗಡೆ ಗಂಟು ಬೀಳದೆ ಎಡಗಡೆ ಮಾತ್ರ ಬಿದ್ದರೆ ವಿಷ ಕೆಲಸ ಮಾಡುತ್ತಿದೆ ಎಂದು ಅರ್ಥ. ಹಾಗಾದರೆ ನಾನು ಹಾಕಿದ ಜಾಗ ತಪ್ಪಿದೆ, ಸರಿಮಾಡಬಹುದು. ಎರಡೂ ಕಡೆ ಬಿದ್ದರೆ ಬರೆದು ತಿಳಿಸು.

ಇಷ್ಟು ಸಣ್ಣ ಅಳತೆಗೆ ದೇಹ ವಿಷದ ಗುರುತು ಇಟ್ಟುಕೊಳ್ಳುವುದು ಅಪರೂಪ. ನನ್ನ ಸೂಜಿಯೇ ತಪ್ಪಿರಲಿ ಎಂದು ಹಾರೈಸುತ್ತಿದ್ದೇನೆ.

ತಂಗಿ


ನವೆಂಬರ್ ೩೦

ಡಾಕ್ಟರಮ್ಮನಿಗೆ,

ಕನ್ನಡಿಯ ಮುಂದೆ ಕೂತೆ. ಹುಬ್ಬು ಗಂಟಿಕ್ಕಲು ಏನನ್ನಾದರೂ ನೆನೆಸಿಕೊಳ್ಳಬೇಕಲ್ಲ, ನಿನ್ನನ್ನು ನೆನೆಸಿಕೊಂಡೆ. ಎರಡೂ ಕಡೆ ಗಂಟು ಬಿತ್ತು. ಚೆನ್ನಾಗಿ ಬಿತ್ತು. ಮತ್ತೆ ಸಡಿಲಿಸಿ, ಅಮ್ಮನನ್ನು ನೆನೆಸಿಕೊಂಡೆ. ಆಗಲೂ ಬಿತ್ತು. ಬಲಗಡೆಯದೇ ಒಂದು ಕೈ ಮೇಲು.

ನಿನ್ನ ಸೂಜಿ ತಪ್ಪಿಲ್ಲ. ಸಮಾಧಾನವಾಯಿತೇ?

ಇಲ್ಲಿನ ಗಂಟಲು ಡಾಕ್ಟರ ಹತ್ತಿರ ಹಾಕಿಸಿಕೊಳ್ಳುತ್ತಿದ್ದೆ. ನೀನು ಆಗುವುದಿಲ್ಲ ಎಂದ ಮೇಲೆ ಶುರು. ನಿನ್ನದು ಇಳಿಯುವ ಮೊದಲೇ ಅವರದೊಂದು, ಅದರ ಹಿಂದೆಯೇ ನಿನ್ನದು. "ಮೊದಲೆಲ್ಲಾದ್ರೂ ಹಾಕಿಸಿದ್ರಾ?" ಎಂದು ಅವರು ಕೇಳಿದ್ದರು. "ಇಲ್ಲ, ದೊಡ್ಡಾಸ್ಪತ್ರೆ ದೂರ, ಹೋಗಲಿಲ್ಲ" ಎಂದೆ. ಅವರನ್ನು ಬೈಯಬೇಡ, ಪಾಪ, ನಂಬಿದರು. ನಿನ್ನ ಹತ್ತಿರ ಬರುವುದನ್ನೇ ಬಿಟ್ಟು ಅವರ ಹತ್ತಿರವೇ ಕ್ರಮವಾಗಿ ಹೋಗಬಹುದಿತ್ತಲ್ಲ ಎಂದು ನೀನು ಕೇಳುತ್ತೀ. ನಾನೂ ಕೇಳಿಕೊಂಡೆ. ಬಿಟ್ಟಿದ್ದರೆ ನಿನ್ನನ್ನು ನೋಡುವುದೂ ತಪ್ಪುತ್ತಿತ್ತು. ನೋಡಬೇಕಿತ್ತು, ಬೇಡಬಾರದಿತ್ತು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. ಈಗ ಮೀಸೆ ಇದೆ, ಜಟ್ಟಿ ಇಲ್ಲ.

ಸೆಪ್ಟೆಂಬರಿನಲ್ಲಿ ಅವರು ಹಾಕಿದ್ದೂ ಹಿಡಿಯಲಿಲ್ಲ. ಆದರೆ ಅಷ್ಟರಲ್ಲಿ ರೆಕಾರ್ಡಿಂಗ್ ಮುಗಿದಿತ್ತು. ಕೊನೆಯ ಊರು, ಕೊನೆಯ ಅಂಕಿ, ಕೊನೆಯ 'ವಿಷಾದಿಸುತ್ತೇವೆ'. ಕೊನೆಯ ದಿನ ದನಿ ಸ್ವಲ್ಪ ಒಡೆಯಿತು. "ಬಿಡಿ, ಮುಂಚಿನದರಿಂದ ಕತ್ತರಿಸಿ ಜೋಡಿಸ್ಕೋತೀನಿ" ಎಂದ ಆ ಕಿರಿಕಿರಿಯವನು.

ಇತಿ, ಎರಡೂ ಹುಬ್ಬಿನ
ಅಕ್ಕ


ಡಿಸೆಂಬರ್ ೮

ಅಕ್ಕ,

ನೀನು ಎಂಥವಳು.

ನಿನ್ನ ಕಾಗದವನ್ನು ಮೇಜಿನ ಮೇಲೆ ಎಸೆದೆ, ಎತ್ತಿಕೊಂಡೆ, ಮತ್ತೆ ಎಸೆದೆ. ಮೂರು ತಿಂಗಳು ಕಳೆಯಬೇಕು, ಬೇರೆಯವರ ಹತ್ತಿರ ಹೋಗಬೇಡ ಎಂದು ಬರೆದಿದ್ದೆ. ಸ್ಟೇಷನ್ನಿನಲ್ಲಿ ಹಳಿ ದಾಟಬೇಡಿ ಎಂದು ನೀನು ಕೂಗುತ್ತೀಯಲ್ಲ, ದಾಟಿ ಸತ್ತವರನ್ನು ಏನೆಂದು ಬೈಯುತ್ತಿದ್ದೆ? ಈಗ ನಿನ್ನ ರಕ್ತದಲ್ಲಿ ಕಾವಲುಗಾರರು ಹುಟ್ಟಿಕೊಂಡಿದ್ದಾರೆ. ವಿಷ ನರದ ಬಾಗಿಲು ತಲುಪುವ ಮೊದಲೇ ಅದರ ಬಾಗಿಲು ಹುಡುಕುವ ಭಾಗಕ್ಕೆ ಮುತ್ತಿಕೊಂಡು ಹಿಡಿದುಬಿಡುತ್ತಾರೆ. ಇನ್ನು ಎಷ್ಟು ಹಾಕಿದರೂ ನೀರು ಹಾಕಿದಂತೆಯೇ. ವರ್ಷಗಟ್ಟಲೆ ಇರಬಹುದು, ಪೂರ್ತಿ ಹೋಗದೆಯೂ ಇರಬಹುದು.

ಬೈದು ಮುಗಿದ ಮೇಲೆ ಏಪ್ರಿಲ್ ತಿಂಗಳ ನನ್ನ ಕಾಗದ ನೆನಪಾಯಿತು. ಆಗುವುದಿಲ್ಲ ಎಂದು ಬರೆದದ್ದು ವೈದ್ಯಳಾಗಿ ಸರಿ. ಆದರೆ ಅದನ್ನು ಬರೆಯುವಾಗ ನನಗೆ ಖುಷಿಯಾಗಿತ್ತು. ನೀನು ಬೇಡಿಕೊಂಡೆ, ನಾನು ಇಲ್ಲ ಎಂದೆ, ಅದಕ್ಕೆ ಖುಷಿ. ಆ ಖುಷಿಯ ವಾಸನೆ ನಿನಗೆ ಬಡಿದಿರಬೇಕು.

ಒಂದು ದಾರಿ ಇದೆ. ಈ ವಿಷಕ್ಕೊಂದು ದಾಯಾದಿ ವಿಷವಿದೆ. ಅದೇ ವಂಶ, ಅದೂ ನರದ ಬಾಯನ್ನೇ ಕಟ್ಟುತ್ತದೆ, ಆದರೆ ಹಿಡಿಯುವ ಬಾಗಿಲು ಬೇರೆ, ಕತ್ತರಿಸುವ ದಾರ ಬೇರೆ. ನಿನ್ನ ಕಾವಲುಗಾರರಿಗೆ ಅದರ ಗುರುತಿಲ್ಲ. ಬಾಯಿ ಒಣಗುತ್ತದೆ, ಬೇಗ ಇಳಿದುಹೋಗುತ್ತದೆ, ದನಿ ಮೊದಲಿನಷ್ಟು ಸೊಗಸಾಗಿ ಬಾರದೆ ಇರಬಹುದು. ಆದರೂ ಬರಬಹುದು. ಬಾ, ಅಕ್ಕ.

ತಂಗಿ


ಜನವರಿ ೧೯

ಪುಟ್ಟಿಗೆ,

ಬರುವುದಿಲ್ಲ. ದನಿ ಬೇಕಾಗಿದ್ದದ್ದು ಯಂತ್ರಕ್ಕೆ. ಅದಕ್ಕೆ ತುಂಬಿಯಾಯಿತು. ಹೊಸ ವರ್ಷದ ದಿನದಿಂದ ಅದೇ ಕೂಗುತ್ತಿದೆ. ಏನು ಸ್ಪಷ್ಟ, ಏನು ಮೃದು. ಒಂದು ಸಲವೂ ಕೆಮ್ಮುವುದಿಲ್ಲ. ಮೈಕಮ್ಮನ ಬಾಯಿ ಯಾವತ್ತೂ ಇಷ್ಟು ಒಳ್ಳೆಯದಾಗಿರಲಿಲ್ಲ ಎಂದು ಸ್ಟೇಷನ್ ಮಾಸ್ಟರು ನನ್ನೆದುರಿಗೇ ಹೇಳಿದರು. ಬಿಸಿ ತುಪ್ಪದ ಹಾಗೆ, ಉಗುಳುವಂತಿಲ್ಲ, ನುಂಗುವಂತಿಲ್ಲ.

ನನ್ನನ್ನು ಕಳೆದುಹೋದ ಸಾಮಾನುಗಳ ಕೋಣೆಗೆ ಹಾಕಿದ್ದಾರೆ. ಇಲ್ಲಿ ಮಾತಿನ ಅಗತ್ಯವಿಲ್ಲ. ಕೊಡೆಗಳು, ಕನ್ನಡಕಗಳು, ಒಂಟಿ ಚಪ್ಪಲಿಗಳು, ಗಾಜಿನ ಲೋಟದಲ್ಲಿ ಯಾರದೋ ಹಲ್ಲಿನ ಸೆಟ್ಟು. ಹಲ್ಲು ಬಿಟ್ಟು ಹೋದವರು ಮನೆಗೆ ಹೋಗಿ ಹೇಗೆ ಉಂಡರೋ. ಪ್ರತಿಯೊಂದಕ್ಕೂ ಚೀಟಿ ಕಟ್ಟಿ ಕಪಾಟಿನಲ್ಲಿಡುತ್ತೇನೆ. ಕೇಳಿಕೊಂಡು ಬಂದವರಿಗೆ ಬೆರಳಿನಿಂದ ತೋರಿಸುತ್ತೇನೆ. ಕಿಟಕಿಯಿಂದ ಪ್ಲಾಟ್‌ಫಾರಂ ಕಾಣುತ್ತದೆ. ತಲೆಯ ಮೇಲೆ ನನ್ನ ದನಿ ನಡೆದಾಡಿಕೊಂಡಿರುತ್ತದೆ.

ಇತಿ, ಕೋಣೆಯ ಉಸ್ತುವಾರಿಯ
ಅಕ್ಕ


ಫೆಬ್ರವರಿ ೩

ಅಕ್ಕ,

ನೀನು ಬರದಿದ್ದರೆ ನಾನೇ ಬರುತ್ತೇನೆ. ಈ ಭಾನುವಾರ, ಮಧ್ಯಾಹ್ನದ ಗಾಡಿಗೆ. ಆ ದಾಯಾದಿ ಮದ್ದನ್ನು ತಣ್ಣಗಿಟ್ಟು ತರುತ್ತೇನೆ. ನಿಮ್ಮೂರಿನ ಗಂಟಲು ಡಾಕ್ಟರ ಹತ್ತಿರ ಮಾತಾಡಿದ್ದೇನೆ. ನಡೆದದ್ದೆಲ್ಲ ತಿಳಿದು ಅವರು ತುಂಬ ನೊಂದುಕೊಂಡರು. ಭಾನುವಾರವಾದರೂ ಬಾಗಿಲು ತೆಗೆದಿರುತ್ತಾರೆ, ಅವರ ಯಂತ್ರದಲ್ಲೇ ಹಾಕುತ್ತೇನೆ.

ಯಂತ್ರಕ್ಕಲ್ಲ ಅಕ್ಕ, ನನ್ನ ಜೊತೆ ಮಾತಾಡಲು ದನಿ ಬೇಕು. ಈ ಸಲ ತಡ ಮಾಡುವುದಿಲ್ಲ. ಕೈ ನಡುಗಿದರೂ ಪರವಾಗಿಲ್ಲ, 'ನೀನು' ಎಂದೇ ಅನ್ನುತ್ತೇನೆ.

ನಿನ್ನ ಪುಟ್ಟಿ


ಫೆಬ್ರವರಿ ೧೨

ಪುಟ್ಟಿಗೆ,

ಗಾಡಿ ಸರಿಯಾದ ಹೊತ್ತಿಗೆ ಬಂತು. ಬಂತೆಂದು ನಾನೇ ಕೂಗಿದೆ, ಮೇಲಿನಿಂದ.

ಭಾನುವಾರ ನನಗೆ ರಜೆ. ಆದರೂ ಕೋಣೆ ತೆಗೆದು ಕೂತಿದ್ದೆ. ಮನೆಯಲ್ಲಿ ಕಾಯಲು ಆಗಲಿಲ್ಲ. ಕಿಟಕಿಯಿಂದ ನೀನು ಇಳಿದದ್ದು ಕಂಡಿತು. ಕೈಯಲ್ಲಿ ಬಿಳಿ ಡಬ್ಬಿ. ಸಣಕಲಾಗಿದ್ದೀ. ಜಡೆ ಹೋಗಿ ಕೂದಲು ಕತ್ತರಿಸಿಕೊಂಡಿದ್ದೀ, ಆಸ್ಪತ್ರೆಯಲ್ಲಿ ಟೊಪ್ಪಿಗೆಯ ಕೆಳಗೆ ಕಂಡಿರಲಿಲ್ಲ. ಎದ್ದು ಬಾಗಿಲಿಗೆ ಬಂದೆ. ಅಷ್ಟರಲ್ಲಿ ಮೇಲಿನ ದನಿ ಶುರುವಾಯಿತು. ನೀನು ನಿಂತುಬಿಟ್ಟೆ. ಕತ್ತೆತ್ತಿ ಸ್ಪೀಕರನ್ನೇ ನೋಡುತ್ತಾ ಬೆಂಚಿನ ಮೇಲೆ ಕೂತೆ. ಡಬ್ಬಿ ಪಕ್ಕಕ್ಕಿಟ್ಟೆ. ಅಳುತ್ತಿದ್ದೆ. ದೂರದಿಂದಲೂ ನನಗೆ ಗೊತ್ತಾಗುತ್ತದೆ, ನೀನು ಅಳುವಾಗ ಎಡ ಭುಜ ಏರುತ್ತದೆ.

"ಪುಟ್ಟಿ" ಎಂದು ಕೂಗಿದೆ. 'ಪು' ಬಂತು. ಮತ್ತೆ ಕೂಗಿದೆ, ಅದೂ ಬರಲಿಲ್ಲ. ಕುತ್ತಿಗೆಯ ನರ ಉಬ್ಬುವ ಹಾಗೆ ಕೂಗಿದೆ. ಪಕ್ಕದಲ್ಲಿದ್ದ ಕೂಲಿ "ಏನಾಯ್ತು ಮೈಕಮ್ಮ?" ಎಂದು ಗಾಬರಿಯಾದ. ಅದೇ ಹೊತ್ತಿಗೆ ಮೇಲಿನವಳು, ಬೇರಾವುದೋ ಗಾಡಿ ತಡವಾಗಿರುವುದಕ್ಕೆ ವಿಷಾದಿಸುತ್ತೇವೆ ಎಂದು ಎಷ್ಟು ಚೆನ್ನಾಗಿ ಹೇಳಿದಳು. ನೀನು ಮುಖ ಒರೆಸಿಕೊಂಡು ತಲೆಯಾಡಿಸಿದೆ, ಕ್ಷಮಿಸಿದವಳ ಹಾಗೆ. ನಾನು ಬಾಗಿಲಲ್ಲೇ ಇದ್ದೆ. ಹತ್ತಿರ ನಡೆದು ಬರಬಹುದಿತ್ತು. ನೀನು ತಿರುಗಿ ನೋಡಲಿ ಎಂದು ಕಾದೆ.

ಎದುರಿನ ಪ್ಲಾಟ್‌ಫಾರಮ್ಮಿಗೆ ವಾಪಸು ಹೋಗುವ ಗಾಡಿ ಬಂದಾಗ ನೀನು ಎದ್ದು ಹತ್ತಿಬಿಟ್ಟೆ. ಆ ಗಾಡಿ ಹೊರಟಿತೆಂದೂ ನಾನೇ ಹೇಳಿದೆ. ಗಂಟಲು ಡಾಕ್ಟರು ಸಂಜೆಯವರೆಗೂ ಕಾದರಂತೆ.

ಅಮ್ಮನ ಮಗಳೇ ನೀನು. ಅವಳಿಗೆ ನನ್ನ ಬಾಯಿಂದ ಬಂದ ನಿನ್ನ ದನಿ ಸಾಕಾಯಿತು, ಪಕ್ಕದಲ್ಲಿ ಕೂತವಳು ಬೇಕಾಗಲಿಲ್ಲ. ನಿನಗೆ ಕಂಬದಿಂದ ಬಂದ ನನ್ನ ದನಿ ಸಾಕಾಯಿತು.

ಬೆಂಚಿನ ಮೇಲೆ ನೀನು ಬಿಟ್ಟುಹೋದ ಡಬ್ಬಿಯನ್ನು ಕೂಲಿ ತಂದು ನನ್ನ ಮೇಜಿನ ಮೇಲೆಯೇ ಇಟ್ಟ. ಒಳಗಿನ ಮಂಜುಗಡ್ಡೆ ಕರಗಿ ನೀರಾಗಿತ್ತು, ನಡುವೆ ಒಂದು ಸಣ್ಣ ಸೀಸೆ ತೇಲುತ್ತಿತ್ತು. ಮದ್ದು ಕೆಟ್ಟಿರುತ್ತದೆಂದು ನನಗೂ ಗೊತ್ತು. ಆದರೆ ಈ ಕೋಣೆಯಲ್ಲಿ ಕೆಟ್ಟದ್ದನ್ನೂ ಎಸೆಯುವ ಹಾಗಿಲ್ಲ. ಚೀಟಿ ಕಟ್ಟಿ, ಹಲ್ಲಿನ ಸೆಟ್ಟಿನ ಪಕ್ಕ ಇಟ್ಟಿದ್ದೇನೆ.

ಅಂಚೆಯಲ್ಲಿ ಕಳಿಸುವುದಿಲ್ಲ, ವಾರಸುದಾರರು ತಾವೇ ಬಂದು ಒಯ್ಯಬೇಕು. ಬಂದಾಗ ಹೊರಗೆ ನಿಂತು ಕೂಗಬೇಡ, ಒಳಗಿರುವವಳಿಗೆ ಓಗೊಡಲು ಬರುವುದಿಲ್ಲ. ಬಾಗಿಲು ತಳ್ಳಿಕೊಂಡು ಬಾ.

ಅಕ್ಕ